ರೂಟರ್ ಆಫ್ ಮಾಡುವ ಮುಂಚೆ

"ದಿನಾ ಸಂಜೆ ನೆಟ್ ಹೋಗುತ್ತೆ. ರೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಬರುತ್ತೆ, ಆದ್ರೆ ಎಲ್ಲರ ಫೋನಿಗೂ ಬರಲ್ಲ. ಉಪ್ಪರಿಗೆಯಲ್ಲಂತೂ ಸ್ಪೀಡೇ ಇಲ್ಲ."

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯ ದೂರು ಇದು. ಸರಿಮಾಡಲು ಎರಡು ದಿನ ಹಿಡಿಯಿತು. ದೂರು ಒಂದೇ ಉಸಿರಿನಲ್ಲಿ ಬಂದರೂ ಒಳಗೆ ಇದ್ದದ್ದು ಮೂರು ದೋಷ, ಮೂರೂ ಬೇರೆ ಬೇರೆ ಜಾಗದಲ್ಲಿ. ಅದರಲ್ಲಿ ಒಂದನ್ನು ದಿನಾ ಎಬ್ಬಿಸುತ್ತಿದ್ದದ್ದು ಆ ಆಫ್ ಮಾಡಿ ಆನ್ ಮಾಡುವ ಮದ್ದೇ.

ಮನೆಯ ಜೋಡಣೆ ಹೀಗಿದೆ. ರಸ್ತೆಯ ಕಂಬದಿಂದ ಸುಮಾರು 180 ಮೀಟರ್ ಕಪ್ಪು ಚಪ್ಪಟೆ ಫೈಬರ್ ಕೇಬಲ್ ಅಡಿಕೆ ಮರದಿಂದ ಮರಕ್ಕೆ ಕಟ್ಟಿಸಿಕೊಂಡು ಬಂದು ಜಗಲಿಯ ಕಿಟಕಿಯಲ್ಲಿ ಒಳಗೆ ನುಗ್ಗುತ್ತದೆ. ಒಳಗಿನ ಕಪಾಟಿನ ಮೇಲೆ ನೆಟ್ ಕಂಪನಿಯವರು ಕೊಟ್ಟ ಪೆಟ್ಟಿಗೆ. ಎಲ್ಲರೂ ಅದನ್ನು ರೂಟರ್ ಅನ್ನುತ್ತಾರೆ. ನಿಜವಾಗಿ ಅದು ಓಎನ್‌ಟಿ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಮೋಡೆಮ್, ಮನೆಯ ಸಾಧನಗಳಿಗೆಲ್ಲ ವಿಳಾಸ ಹಂಚುವ ರೂಟರ್, ವೈಫೈ, ಮೂರೂ ಅದರೊಳಗೇ. ಗೊಂದಲ ಬೇಡವೆಂದು ಇಲ್ಲಿ ಅದನ್ನು ಮೋಡೆಮ್ ಎಂದೇ ಕರೆಯುತ್ತೇನೆ. ಅದರಿಂದ 25 ಮೀಟರ್ ಲ್ಯಾನ್ ಕೇಬಲ್ ಮಾಡಿನ ಅಂಚಿನಲ್ಲೇ ಹೋಗಿ ಉಪ್ಪರಿಗೆ ಸೇರುತ್ತದೆ. ಅಲ್ಲಿ ಹಿಂದಿನ ಕನೆಕ್ಷನ್ನಿನ ಕಾಲದ ಒಂದು ರೂಟರ್ ಇದೆ. ಕೆಳಗಿನದ್ದಕ್ಕೂ ಮೇಲಿನದ್ದಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್. ಪ್ಲಾನ್ 200 ಎಂಬಿಪಿಎಸ್. ಗೋಡೆಗಳು ಜಂಬಿಟ್ಟಿಗೆಯವು, ಒಂದೂವರೆ ಅಡಿ ದಪ್ಪ.

ಮೊದಲ ದಿನ ಮಧ್ಯಾಹ್ನ ಮನೆಯವರಿಗೆ ಹೇಳಿದ್ದು ಇಷ್ಟೇ: ಇವತ್ತು ಸಂಜೆ ನೆಟ್ ಹೋದರೆ ಯಾರೂ ಸ್ವಿಚ್ ಮುಟ್ಟಬೇಡಿ. ಮೋಡೆಮ್ ಆಫ್ ಮಾಡಿದ ಕ್ಷಣ ಎಷ್ಟು ಹೊತ್ತಿನಿಂದ ಓಡುತ್ತಿದೆ ಎನ್ನುವ ಲೆಕ್ಕ ಹೋಗುತ್ತದೆ. ದೋಷದ ಎಣಿಕೆಗಳು ಸೊನ್ನೆಗೆ ಬರುತ್ತವೆ. ಎಷ್ಟೋ ಮಾದರಿಗಳಲ್ಲಿ ಲಾಗ್ ಕೂಡ ಅಳಿಸಿಹೋಗುತ್ತದೆ. ಇನ್ನೊಂದು ತೊಂದರೆ ಜನಕ್ಕೆ ಗೊತ್ತೇ ಇರುವುದಿಲ್ಲ. ಕರೆಂಟು ಹೋಗುವ ಗಳಿಗೆಯಲ್ಲಿ ಓಎನ್‌ಟಿ ತನ್ನೊಳಗೆ ಉಳಿದ ಚೂರು ಚಾರ್ಜಿನಲ್ಲೇ ನೆಟ್ ಕಂಪನಿಯ ಆಫೀಸಿನ ಯಂತ್ರಕ್ಕೆ ಕೊನೆಯ ಸಂದೇಶವೊಂದನ್ನು ಕಳಿಸುತ್ತದೆ. ಡೈಯಿಂಗ್ ಗ್ಯಾಸ್ಪ್ ಎಂದೇ ಅದರ ಹೆಸರು. ಬೆಳಕು ಬಂದು ಹೋಗಿ ಮಾಡುತ್ತಿರುವಾಗ ನಾವೇ ಸ್ವಿಚ್ ಒತ್ತಿಬಿಟ್ಟರೆ ಆಫೀಸಿನ ಪರದೆಯಲ್ಲಿ ಕೊನೆಗೆ ಉಳಿಯುವುದು ಆ ದಾಖಲೆ, ಅಂದರೆ 'ಗ್ರಾಹಕರ ಮನೆಯಲ್ಲಿ ಕರೆಂಟ್ ಹೋಗಿದೆ'. ಲೈನಿನ ದೋಷ ಅಲ್ಲಿಗೆ ಮುಚ್ಚಿಹೋಯಿತು. ಈ ಮನೆಯವರು ಹಿಂದೆ ಫೋನ್ ಮಾಡಿದಾಗಲೆಲ್ಲ ಸಿಕ್ಕ ಉತ್ತರವೂ ಅದೇ: "ಅಕ್ಕ, ನಿಮ್ಮನೇಲೇ ಕರೆಂಟ್ ಹೋಗಿ ಬಂದಿದೆ ನೋಡಿ, ನಮ್ ಕಡೆ ಏನೂ ತೊಂದ್ರೆ ಇಲ್ಲ."

ಆಫ್ ಮಾಡುವ ಬದಲು ನೋಡಬೇಕಾದದ್ದು ದೀಪಗಳನ್ನು. ಪಾನ್ ಎಂದು ಬರೆದ ದೀಪ ಹಸಿರಾಗಿ ಅಲುಗದೆ ಉರಿಯುತ್ತಿದ್ದರೆ ಆಫೀಸಿನ ಯಂತ್ರದ ಜೊತೆ ಮಾತುಕತೆ ನಡೆದಿದೆ. ಮಿನುಗುತ್ತಿದ್ದರೆ ಮಾತು ಕೂಡಿಸಲು ಒದ್ದಾಡುತ್ತಿದೆ. ಎಲ್‌ಓಎಸ್ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ ಅಥವಾ ಸಾಲುತ್ತಿಲ್ಲ. ಇವೆರಡೂ ಸರಿಯಿದ್ದು ಇಂಟರ್‌ನೆಟ್ ದೀಪ ಮಾತ್ರ ಆರಿದ್ದರೆ ಲೈನ್ ಚೆನ್ನಾಗಿದೆ, ಯೂಸರ್‌ನೇಮ್ ಪಾಸ್‌ವರ್ಡ್ ಅಥವಾ ಬಿಲ್ಲಿನ ಕಡೆ ಹುಡುಕಬೇಕು. ಈ ಮನೆಯಲ್ಲಿ ಮೋಡೆಮ್‌ನ ಮುಖ ಗೋಡೆ ಕಡೆ ತಿರುಗಿತ್ತು. ರಾತ್ರಿ ದೀಪ ಕಣ್ಣಿಗೆ ಹೊಡೆಯುತ್ತದೆ ಅಂತ. ಮೊದಲು ಅದನ್ನು ಈಚೆ ತಿರುಗಿಸಿದೆ.

ಆಮೇಲೆ ಲ್ಯಾಪ್‌ಟಾಪನ್ನು ಒಂದು ಮೀಟರ್ ಕೇಬಲ್ಲಿನಲ್ಲಿ ನೇರ ಮೋಡೆಮ್‌ಗೆ ಸಿಕ್ಕಿಸಿ, ಬ್ರೌಸರಿನಲ್ಲಿ 192.168.1.1 ತೆರೆದೆ. ಲಾಗಿನ್ ವಿವರ ಪೆಟ್ಟಿಗೆಯ ತಳದ ಸ್ಟಿಕ್ಕರಿನಲ್ಲೇ ಇರುತ್ತದೆ. ಪಾನ್ ಅಥವಾ ಆಪ್ಟಿಕಲ್ ಎಂಬ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಒಂದು ಸಂಖ್ಯೆ ಇದೆ, ಮೋಡೆಮ್‌ಗೆ ಬಂದು ಬೀಳುವ ಬೆಳಕು ಎಷ್ಟು ಎನ್ನುವ ಲೆಕ್ಕ. ಕೇಬಲ್ ಹುಡುಗರು 'ಪವರ್ ಎಷ್ಟು ಬರ್ತಿದೆ' ಎಂದು ಕೇಳುವುದು ಇದನ್ನೇ. ಸಂಜೆ ನಾಲ್ಕಕ್ಕೆ ಅಲ್ಲಿ ಮೈನಸ್ 23.4 ಡಿಬಿಎಂ ಇತ್ತು.

ಈ ಸಂಖ್ಯೆ ಓದುವುದು ಕಷ್ಟವಲ್ಲ. ಡಿಬಿಎಂ ಬೆಳಕಿನ ಬಲದ ಅಳತೆ, ಡಿಬಿ ಅದರ ಏರಿಳಿತದ್ದು. ಮೈನಸ್ ಆದ್ದರಿಂದ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. 3 ಇಳಿದರೆ ಬೆಳಕು ಅರ್ಧ, 10 ಇಳಿದರೆ ಹತ್ತರಲ್ಲೊಂದು. ಮನೆಗಳಿಗೆ ಸಾಮಾನ್ಯವಾಗಿ ಹಾಕುವ, ಜಿಪಾನ್ ಎಂಬ ಫೈಬರ್ ಪದ್ಧತಿಯ ಬಿ ಪ್ಲಸ್ ದರ್ಜೆಯ ಮೋಡೆಮ್ ಮೈನಸ್ 27ರ ತನಕ ಓದಬಲ್ಲದು. ಮೈನಸ್ 8ಕ್ಕಿಂತ ಹೆಚ್ಚು ಬೆಳಕು ಬಿದ್ದರೆ ಅದಕ್ಕೂ ಕಣ್ಣು ಕುಕ್ಕುತ್ತದೆ.

ಹಾಗಾದರೆ ಮೈನಸ್ 23.4 ಪರವಾಗಿಲ್ಲವೇ? ಆಫೀಸಿನವರು ಪರವಾಗಿಲ್ಲ ಅನ್ನುತ್ತಾರೆ, ಯಾಕೆಂದರೆ ನೆಟ್ ನಡೆಯುತ್ತಿದೆ. ನಾನು ಕೇಳುವ ಪ್ರಶ್ನೆ ಬೇರೆ: ಈ ಮನೆಗೆ ಎಷ್ಟು ಬರಬೇಕಿತ್ತು? ಆಫೀಸಿನ ಯಂತ್ರದಿಂದ ಹೊರಡುವಾಗ ಬೆಳಕು ಸುಮಾರು ಪ್ಲಸ್ 3. ಆಫೀಸಿನಲ್ಲಿ ಒಂದನ್ನು ಎಂಟಾಗಿ ಒಡೆಯುವ ಸ್ಪ್ಲಿಟರ್ 10.5 ಡಿಬಿ ತಿನ್ನುತ್ತದೆ. ಕಂಬದ ಮೇಲೆ ಒಂದನ್ನು ನಾಲ್ಕಾಗಿಸುವುದು ಇನ್ನು 7 ತಿನ್ನುತ್ತದೆ. 5 ಕಿಲೋಮೀಟರ್ ದಾರಿಗೆ ಕಿಲೋಮೀಟರಿಗೆ 0.3ರಂತೆ 1.5. ಜಾಯಿಂಟು, ಕನೆಕ್ಟರು ಎಲ್ಲ ಸೇರಿ 2 ಅನ್ನಿ. ಒಟ್ಟು 21 ಹೋಗಿ ಮೈನಸ್ 18ರ ಆಸುಪಾಸು ಉಳಿಯಬೇಕು. ಬಂದದ್ದು ಅದಕ್ಕಿಂತ 5.4 ಡಿಬಿ ಕಡಿಮೆ, ಅಂದರೆ ಬರಬೇಕಾದ ಬೆಳಕಿನ ಮೂರನೇ ಒಂದು ಪಾಲೂ ಇಲ್ಲ. ಎಲ್ಲೋ ಸೋರುತ್ತಿದೆ. ಹಗಲಲ್ಲಿ ನೆಟ್ ನಡೆಯುತ್ತಿರುವುದು ಅಂಚಿನ ಮೇಲೆ, ಕೆಳಗಿನ ಮಿತಿಗೆ ಇನ್ನು ಮೂರೂವರೆ ಡಿಬಿ ಅಷ್ಟೇ ಬಾಕಿ.

ಆ ಪುಟವನ್ನು ತೆರೆದಿಟ್ಟು ಐದು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡಿ ಬರೆದುಕೊಳ್ಳುತ್ತಾ ಕುಳಿತೆ. 6.25ಕ್ಕೆ ಮೈನಸ್ 23.4. ಮುಂದಿನ ಓದಿನಲ್ಲಿ ಮೈನಸ್ 27.8. ಪಾನ್ ದೀಪ ಮಿನುಗಲು ಶುರು. ಎಲ್‌ಓಎಸ್ ಒಮ್ಮೆ ಕೆಂಪು, ಒಮ್ಮೆ ಇಲ್ಲ. ಸಂಜೆ ಊರವರೆಲ್ಲ ವಿಡಿಯೋ ನೋಡುತ್ತಾರೆ, ಟ್ರಾಫಿಕ್ ಜಾಸ್ತಿ, ಅದಕ್ಕೇ ಹೋಗುತ್ತದೆ ಎಂದು ಮನೆಯಲ್ಲಿ ನಂಬಿದ್ದರು. ಟ್ರಾಫಿಕ್ ಹೆಚ್ಚಿದರೆ ನೆಟ್ ನಿಧಾನವಾಗುತ್ತದೆ, ಬೆಳಕು ಕಡಿಮೆಯಾಗುವುದಿಲ್ಲ. ಐದು ನಿಮಿಷದಲ್ಲಿ 4.4 ಡಿಬಿ ಇಳಿಯಬೇಕಾದರೆ ಯಾವುದೋ ವಸ್ತು ಕೇಬಲ್ಲನ್ನು ಮುಟ್ಟಿರಲೇಬೇಕು.

"ಅಕ್ಕ, ಈಗ ಜಗಲಿ ಕಡೆ ಏನಾದ್ರೂ ಮಾಡಿದ್ರಾ?"

"ಏನಿಲ್ಲ, ಕಿಟಕಿ ಹಾಕಿದೆ. ದೀಪ ಹಚ್ಚೋ ಹೊತ್ತಿಗೆ ಹಾಕ್ದೇ ಇದ್ರೆ ಸೊಳ್ಳೆ ತಿಂದು ಹಾಕ್ತಾವೆ."

ಕೇಬಲ್ ಕಿಟಕಿಯ ಚೌಕಟ್ಟಿನ ಕೆಳಮೂಲೆಯಲ್ಲಿ, ತಿರುಗಣಿಯ ಪಕ್ಕದಲ್ಲೇ ಒಳಗೆ ಬಂದಿತ್ತು. ಹಲಸಿನ ಮರದ ಹಳೆಯ ಬಾಗಿಲು, ತೂಕದ್ದು, ಮಳೆಗಾಲಕ್ಕೆ ಉಬ್ಬಿದ್ದೂ ಹೌದು. ಹಾಕಿದಾಗಲೆಲ್ಲ ಕೇಬಲ್ ಬಾಗಿಲಿಗೂ ಚೌಕಟ್ಟಿಗೂ ನಡುವೆ ಅಮುಕಿ, ಒಳಭಾಗದಲ್ಲಿ ಚೂಪಾಗಿ ಮಡಚುತ್ತಿತ್ತು. ಬೆಳಗ್ಗೆ ತೆರೆದರೆ ಮತ್ತೆ ಸಡಿಲ. ಬಾಗಿಲು ತೆರೆದು ರಿಫ್ರೆಶ್ ಮಾಡಿದೆ, ಮೈನಸ್ 23.5. ಹಾಕಿದೆ, ಮೈನಸ್ 27.7. ಮೂರು ಸಲ ಹೀಗೇ.

ಗಾಜಿನ ಎಳೆ ಒಡೆಯದೆ ಬರೀ ಬಾಗಿದರೂ ಬೆಳಕು ಸೋರುತ್ತದೆ. ನಡುವಿನ ಗಾಜು ಹೊರಗಿನ ಗಾಜಿಗಿಂತ ತುಸು ಸಾಂದ್ರ, ಆ ವ್ಯತ್ಯಾಸದಿಂದಲೇ ಬೆಳಕು ಒಳಗೊಳಗೇ ಪುಟಿಯುತ್ತಾ ಸಾಗುತ್ತದೆ. ತಿರುವು ತೀರಾ ಬಿಗಿಯಾದರೆ ಒಂದಿಷ್ಟು ಬೆಳಕು ತಿರುಗದೆ ಹೊರಗೆ ಹೋಗುತ್ತದೆ. ಸಾಮಾನ್ಯ ಜಿ 652 ಎಳೆಗೆ ತಿರುವಿನ ತ್ರಿಜ್ಯ 30 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ಮನೆಯೊಳಗಿನ ಬಳಕೆಗೆಂದೇ ಬರುವ ಜಿ 657 ಎ2 ಎಳೆ 7.5 ಮಿಲಿಮೀಟರ್ ತನಕ ತಾಳಿಕೊಳ್ಳುತ್ತದೆ. ಇನ್ನೊಂದು ಗಮನಿಸುವ ಸಂಗತಿ, ಬಾಗಿನ ನಷ್ಟ ತರಂಗಾಂತರ ಹೆಚ್ಚಿದಷ್ಟೂ ಹೆಚ್ಚು. ಆಫೀಸಿನಿಂದ ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಹಾಗಾಗಿ ಅಮುಕಿದ ಕೇಬಲ್ಲಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮನೆಗೆ ಬರುವ ದಿಕ್ಕು. ಆಫೀಸಿನವರು ತಮ್ಮ ಕಡೆ ಬಂದು ಬೀಳುವ ಬೆಳಕನ್ನಷ್ಟೇ ನೋಡಿ 'ಸರಿ ಇದೆ' ಅಂದರೆ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅಳೆಯಬೇಕಾದದ್ದು ಇನ್ನೊಂದು ತುದಿ.

ಗೋಡೆಗೆ ಹೊಸ ತೂತು ಕೊರೆಯಬಹುದಿತ್ತು. ಆದರೆ ತುದಿಗೆ ಹಾಕಿದ ಕನೆಕ್ಟರ್ ಸಣ್ಣ ತೂತಿನಲ್ಲಿ ತೂರುವುದಿಲ್ಲ, ಕತ್ತರಿಸಿ ಮತ್ತೆ ಹಾಕಲು ಗಾಜಿನ ಎಳೆಯನ್ನು ನೇರವಾಗಿ ಕತ್ತರಿಸುವ ಕ್ಲೀವರ್ ಇರುವವರೇ ಬರಬೇಕು. ಬದಲಿಗೆ ಚೌಕಟ್ಟಿನ ಮೂಲೆಯಲ್ಲಿ ಉಳಿಯಿಂದ 6 ಮಿಲಿಮೀಟರ್ ಆಳ, ಅಷ್ಟೇ ಅಗಲದ ಒಂದು ತೋಡು ಕೆತ್ತಿದೆ. ಚಪ್ಪಟೆ ಕೇಬಲ್ಲಿನ ಒಂದು ಅಂಚಿನಲ್ಲಿ ಓಡುವ ಉಕ್ಕಿನ ತಂತಿ ಎಳೆತ ತಡೆಯಲು ಮಾತ್ರ, ಅದನ್ನು ಹೊರಗಿನ ಕೊಕ್ಕೆಯಲ್ಲೇ ಸೀಳಿ ಬೇರ್ಪಡಿಸಿ ಸುತ್ತಿ ನಿಲ್ಲಿಸಿದೆ. ಉಳಿದ ಭಾಗ 2 ಮಿಲಿಮೀಟರ್ ದಪ್ಪ, 3 ಅಗಲ, ತೋಡಿನಲ್ಲಿ ಆರಾಮವಾಗಿ ಕೂರುತ್ತದೆ. ಹೊರಗಡೆ ಕೇಬಲ್ ಕಿಟಕಿಗಿಂತ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೆ ಬರುವಂತೆ ಬಿಟ್ಟೆ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಹರಿದು ಬರುವುದಿಲ್ಲ.

ಉಕ್ಕಿನ ತಂತಿಯನ್ನು ಹೊರಗೇ ಬಿಡುವುದಕ್ಕೆ ಇನ್ನೊಂದು ಕಾರಣ ಸಿಡಿಲು. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಉಕ್ಕಿನಲ್ಲಿ ಹರಿಯುತ್ತದೆ. ಈ ಮನೆಯಲ್ಲಿ ಗುಡುಗು ಶುರುವಾದರೆ ಫೈಬರ್ ಕನೆಕ್ಟರನ್ನೇ ಕಿತ್ತು ನೇತಾಡಲು ಬಿಡುವ ರೂಢಿ ಇತ್ತು. ಕೀಳಬೇಕಾದದ್ದು ಕರೆಂಟಿನ ಪ್ಲಗ್ಗನ್ನು ಮತ್ತು ಹೊರಗೆ ಓಡುವ ತಾಮ್ರದ ಲ್ಯಾನ್ ಕೇಬಲ್ಲನ್ನು. ಫೈಬರ್ ಕಿತ್ತರೆ ಸಿಗುವುದು ಧೂಳು. ಬೆಳಕು ಹಾಯುವ ಗಾಜಿನ ತಿರುಳು ಸುಮಾರು 9 ಮೈಕ್ರೋಮೀಟರ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಅದನ್ನು ಅರ್ಧ ಮುಚ್ಚಿಬಿಡಬಲ್ಲದು.

ಹಾಗಾಗಿ ಮುಂದಿನ ಕೆಲಸ ಎರಡು. ಮೋಡೆಮ್ ಹಿಂದೆ ಉಳಿದ ಎರಡು ಮೀಟರ್ ಕೇಬಲ್ಲನ್ನು ಯಾರೋ ಬಳೆಯಷ್ಟು ಸಣ್ಣದಾಗಿ ಸುತ್ತಿ, ಪ್ಲಾಸ್ಟಿಕ್ ಟೈ ಹಾಕಿ ಬಿಗಿದು ಮೊಳೆಗೆ ಸಿಕ್ಕಿಸಿದ್ದರು. ಟೈ ಕತ್ತರಿಸಿ ಊಟದ ತಟ್ಟೆಯ ಅಗಲಕ್ಕೆ ಸುತ್ತಿ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದೆ. ಪವರ್ ಮೈನಸ್ 22.1ಕ್ಕೆ ಏರಿತು. ಎರಡನೆಯದು ಕನೆಕ್ಟರ್ ಒರೆಸುವುದು. ಹಸಿರು ಬಣ್ಣದ ಎಸ್‌ಸಿ ಕನೆಕ್ಟರ್, ಅದರ ಬಿಳಿ ಮೂತಿ 2.5 ಮಿಲಿಮೀಟರ್. ನೂಲು ಬಿಡದ ಒರೆಸುವ ಕಾಗದಕ್ಕೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒಂದೇ ದಿಕ್ಕಿಗೆ ಒಮ್ಮೆ ಎಳೆಯಬೇಕು, ಆಮೇಲೆ ಒಣ ಜಾಗದಲ್ಲಿ ಇನ್ನೊಮ್ಮೆ. ಪಂಚೆಯ ಅಂಚು ಬೇಡ. ಬಾಯಿಯಿಂದ ಊದುವುದಂತೂ ಬೇಡವೇ ಬೇಡ, ಉಸಿರಿನ ತೇವ ಅಲ್ಲೇ ಒಣಗಿ ಕಲೆಯಾಗುತ್ತದೆ. ಒರೆಸಿ ಸಿಕ್ಕಿಸಿದ ಮೇಲೆ ಮೈನಸ್ 20.3. ಲೆಕ್ಕದ 18ಕ್ಕೆ ಇನ್ನೂ ಎರಡು ಬಾಕಿ. ಅದು ಕಂಬದ ಮೇಲಿನ ಜಾಯಿಂಟಿನಲ್ಲಿ ಇರಬಹುದು, ಅಷ್ಟಕ್ಕಾಗಿ ಯಾರನ್ನೂ ಕಂಬ ಹತ್ತಿಸುವ ಅಗತ್ಯವಿಲ್ಲ. ಕಂಬದಲ್ಲಿ ಕರೆಂಟಿನ ತಂತಿಯೂ ಇರುತ್ತದೆ, ನಾವೇ ಹತ್ತುವ ಮಾತಂತೂ ಇಲ್ಲ.

ಕನೆಕ್ಟರ್ ಬಿಚ್ಚಿದಾಗ ಮೂತಿಯನ್ನು ಕಣ್ಣಿನ ನೇರಕ್ಕೆ ಹಿಡಿಯಬೇಡಿ. ಅಲ್ಲಿಂದ ಬರುವುದು ಕಣ್ಣಿಗೆ ಕಾಣದ ಲೇಸರ್, ಮೋಡೆಮ್ ಆಫ್ ಇದ್ದರೂ ಆಫೀಸಿನ ಕಡೆಯಿಂದ ಬರುತ್ತಲೇ ಇರುತ್ತದೆ. ಟಿವಿ ರಿಮೋಟ್ ಪರೀಕ್ಷಿಸುವಂತೆ ಮೊಬೈಲ್ ಕ್ಯಾಮೆರಾ ಹಿಡಿದರೂ ಕಾಣುವುದಿಲ್ಲ, 1490 ನ್ಯಾನೋಮೀಟರ್ ಬೆಳಕಿಗೆ ಆ ಸೆನ್ಸರ್ ಕುರುಡು. ಹಸಿರು ಕನೆಕ್ಟರನ್ನು ನೀಲಿಯದಕ್ಕೆ ಸೇರಿಸಲೂಬಾರದು. ಹಸಿರಿನ ಮೂತಿ 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಎರಡೂ ಸೇರಿದರೆ ನಡುವೆ ಗಾಳಿಯ ಸಂದು ಉಳಿಯುತ್ತದೆ.

ಅಡಾಪ್ಟರನ್ನೂ ನೋಡಿದೆ. ಮೋಡೆಮ್ ಓಡುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ 12.1 ವೋಲ್ಟ್, ಸರಿಯಾಗಿತ್ತು. ಹಳೆಯ ಅಡಾಪ್ಟರ್ ಬರಿದಾಗಿ ಅಳೆದರೆ 12 ತೋರಿಸಿ, ಹೊರೆ ಬಿದ್ದಾಗ 10ರ ಹತ್ತಿರ ಕುಸಿಯುವುದುಂಟು. ಅಂಥದ್ದು ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ಮೋಡೆಮನ್ನು ರೀಸ್ಟಾರ್ಟ್ ಮಾಡಿಸುತ್ತದೆ. ಇಲ್ಲಿ ಆ ತೊಂದರೆ ಇರಲಿಲ್ಲ.

ಸಂಜೆಯ ದೋಷ ಹೋಯಿತು. 'ಎಲ್ಲರ ಫೋನಿಗೂ ಬರಲ್ಲ' ಎಂಬ ಎರಡನೇ ದೂರು ಹಾಗೇ ಉಳಿದಿತ್ತು, ಮತ್ತು ಅದರಲ್ಲಿ ನಾನು ಅರ್ಧ ದಿನ ದಾರಿ ತಪ್ಪಿದೆ.

ವಿಧಾನ ಹೀಗೆ. ಲ್ಯಾಪ್‌ಟಾಪಿನಲ್ಲಿ ಮೂರು ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆದು ಮೂರರಲ್ಲೂ ಪಿಂಗ್ ಓಡಿಸುವುದು. ಪಿಂಗ್ ಅಂದರೆ ಒಂದು ಯಂತ್ರವನ್ನು 'ಇದ್ದೀಯಾ' ಎಂದು ಕೇಳಿ ಉತ್ತರಕ್ಕೆ ಕಾಯುವ ಕಮಾಂಡ್, ಕೊನೆಗೆ ಮೈನಸ್ ಟಿ ಸೇರಿಸಿದರೆ ನಾವು ನಿಲ್ಲಿಸುವ ತನಕ ಓಡುತ್ತದೆ. ಒಂದು 192.168.1.1ಕ್ಕೆ, ಅಂದರೆ ಮನೆಯ ಮೋಡೆಮ್‌ಗೆ. ಎರಡನೆಯದು ಕಂಪನಿಯ ಮೊದಲ ಯಂತ್ರಕ್ಕೆ. ಅದರ ವಿಳಾಸ, ದಾರಿಯ ಯಂತ್ರಗಳನ್ನು ಸಾಲಾಗಿ ತೋರಿಸುವ ಟ್ರೇಸ್‌ರೂಟ್‌ನ ಎರಡನೇ ಸಾಲಿನಲ್ಲಿ ಸಿಗುತ್ತದೆ. ಮೂರನೆಯದು 8.8.8.8ಕ್ಕೆ, ಅಂದರೆ ಹೊರಗಿನ ಇಂಟರ್‌ನೆಟ್ಟಿನಲ್ಲಿರುವ ಗೂಗಲ್‌ನ ಯಂತ್ರಕ್ಕೆ. ಮೊದಲನೆಯದೇ ತುಂಡಾದರೆ ತಪ್ಪು ಮನೆಯೊಳಗೆ. ಮೊದಲನೆಯದು ಸರಿಯಿದ್ದು ಎರಡನೆಯದು ತುಂಡಾದರೆ ಲೈನಿನಲ್ಲಿ. ಮೂರನೆಯದು ಮಾತ್ರ ಹೋದರೆ ಕಂಪನಿಯಿಂದ ಆಚೆ. ಮೂರೂ ಉತ್ತರ ಕೊಡುತ್ತಾ ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನಲ್ಲಿ.

ನೆಟ್ ಬರದ ಒಂದು ಫೋನಿನ ಪಕ್ಕ ಕುಳಿತು, ಲ್ಯಾಪ್‌ಟಾಪನ್ನೂ ಕೇಬಲ್ ಬಿಡಿಸಿ ವೈಫೈಗೆ ಸೇರಿಸಿ ನೋಡಿದರೆ ಮೊದಲ ಕಿಟಕಿ ಒಂದೂ ತಪ್ಪದೆ ಉತ್ತರ ಕೊಡುತ್ತಿತ್ತು, ಉಳಿದೆರಡೂ ಸತ್ತಿದ್ದವು. ಸೂತ್ರದ ಪ್ರಕಾರ ಲೈನ್ ಹೋಗಿದೆ. ಆದರೆ ಪಾನ್ ದೀಪ ಹಸಿರು, ಪವರ್ ಮೈನಸ್ 20.3, ಟಿವಿಯಲ್ಲಿ ವಿಡಿಯೋ ಓಡುತ್ತಿದೆ. ಕಂಪನಿಯ ಕಡೆ ದಾರಿ ತಪ್ಪಿರಬೇಕೆಂದು ಡಿಎನ್‌ಎಸ್ ಬದಲಿಸಿದೆ, ಸಮಯ ಹಾಳು. ಸುಳಿವು ಕಣ್ಣೆದುರೇ ಇತ್ತು, ನಾನು ಸರಿಯಾಗಿ ಓದಿರಲಿಲ್ಲ. 8.8.8.8ರ ಕಿಟಕಿಯಲ್ಲಿ 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ಬರುತ್ತಿರಲಿಲ್ಲ. '192.168.1.1ರಿಂದ ಉತ್ತರ: ಡೆಸ್ಟಿನೇಶನ್ ನೆಟ್ ಅನ್‌ರೀಚಬಲ್' ಎಂದು ಬರುತ್ತಿತ್ತು. ಮೊದಲನೆಯದರ ಅರ್ಥ ಕಳಿಸಿದ್ದು ಎಲ್ಲೋ ಕಳೆದುಹೋಯಿತು ಎಂದು. ಎರಡನೆಯದರ ಅರ್ಥ ಒಂದು ಯಂತ್ರ ಅದನ್ನು ಕೈಯಲ್ಲಿ ಹಿಡಿದು, 'ಆಚೆಗೆ ದಾರಿ ನನಗೆ ಗೊತ್ತಿಲ್ಲ' ಎಂದು ವಾಪಸ್ ಕೊಟ್ಟಿದೆ ಎಂದು. ಟಿವಿಗೆ ವಿಡಿಯೋ ತಲುಪಿಸುತ್ತಿರುವ ಮೋಡೆಮ್‌ಗೆ ಆಚೆಯ ದಾರಿ ಗೊತ್ತಿಲ್ಲದೆ ಇರುತ್ತದೆಯೇ?

ಮನೆಯವರು ದಿನಾ ಮಾಡುತ್ತಿದ್ದುದನ್ನೇ ಮಾಡಿ ನೋಡೋಣ ಎಂದು ಪಿಂಗ್ ಓಡುತ್ತಿರುವಾಗಲೇ ಮೋಡೆಮ್‌ನ ಪ್ಲಗ್ ಕಿತ್ತೆ. ಮೂರೂ ಕಿಟಕಿ ನಿಂತವು. ಹತ್ತು ಹದಿನೈದು ಸೆಕೆಂಡು ಕಳೆದಿರಬಹುದು, ಮೊದಲ ಕಿಟಕಿ ಮತ್ತೆ ಓಡತೊಡಗಿತು. ಪ್ಲಗ್ ನನ್ನ ಕೈಯಲ್ಲಿದೆ, ಮೋಡೆಮ್‌ನ ಒಂದು ದೀಪವೂ ಇಲ್ಲ, 192.168.1.1 ಮಾತ್ರ 'ಇದ್ದೇನೆ' ಅನ್ನುತ್ತಿದೆ.

ಉತ್ತರ ಕೊಡುತ್ತಿದ್ದದ್ದು ಉಪ್ಪರಿಗೆಯ ಹಳೆಯ ರೂಟರ್. ಅದರ ವಿಳಾಸವೂ 192.168.1.1. ಅದೂ ವಿಳಾಸ ಹಂಚುತ್ತಿತ್ತು. ಎಆರ್‌ಪಿ ಮೈನಸ್ ಎ ಎಂದು ಬರೆದರೆ ಆ ವಿಳಾಸದ ಹಿಂದಿರುವ ಯಂತ್ರದ ಮ್ಯಾಕ್ ಸಂಖ್ಯೆ, ಅಂದರೆ ಅದರದ್ದೇ ಗುರುತಿನ ಸಂಖ್ಯೆ, ಕಾಣುತ್ತದೆ. ಮೋಡೆಮ್ ತಳದ ಸ್ಟಿಕ್ಕರಿನ ಸಂಖ್ಯೆಗೂ ಅದಕ್ಕೂ ತಾಳೆಯಾಗಲಿಲ್ಲ, ಹಳೆಯ ರೂಟರಿನ ಸ್ಟಿಕ್ಕರಿಗೆ ಆಯಿತು.

ಈಗ ಮನೆಯ ಸಂಜೆಗಳು ಅರ್ಥವಾದವು. ಕಿಟಕಿ ಹಾಕಿದಾಗ ಬೆಳಕು ಹೋಗುತ್ತದೆ. ಮನೆಯವರು ಮೋಡೆಮ್ ಆಫ್ ಮಾಡುತ್ತಾರೆ. ಕೆಳಗಿನ ವೈಫೈ ಮಾಯವಾದ ತಕ್ಷಣ ಫೋನುಗಳು ಅದೇ ಹೆಸರಿನ ಉಪ್ಪರಿಗೆಯ ವೈಫೈಗೆ ಹಾರುತ್ತವೆ. ವಿಳಾಸ ಕೇಳುತ್ತವೆ, ಹಳೆಯ ರೂಟರ್ ಕೊಡುತ್ತದೆ, 'ಹೊರಗೆ ಹೋಗಬೇಕಾದರೆ ನನ್ನ ಮೂಲಕ ಹೋಗಿ' ಎಂದೂ ಹೇಳುತ್ತದೆ. ಆದರೆ ಹೊರಗಿನ ನೆಟ್ ಬಂದು ಸೇರಬೇಕಾದ ಅದರ ವ್ಯಾನ್ ಪೋರ್ಟಿನಲ್ಲಿ ಏನೂ ಇಲ್ಲ. ಎರಡು ಮೂರು ನಿಮಿಷದಲ್ಲಿ ಮೋಡೆಮ್ ಮೇಲೆದ್ದರೂ ಈ ಫೋನುಗಳು ಕದಲುವುದಿಲ್ಲ. ಅವುಗಳ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, 192.168.1.1 ಬದುಕಿದೆ, ಉತ್ತರ ಕೊಡುತ್ತಿದೆ, ಬಿಟ್ಟು ಹೋಗಲು ಕಾರಣವೇ ಇಲ್ಲ. ಪರದೆಯ ಮೇಲೆ 'ಕನೆಕ್ಟೆಡ್, ಇಂಟರ್‌ನೆಟ್ ಇಲ್ಲ'. ಒಮ್ಮೆ ಪಡೆದ ವಿಳಾಸದ ಗಡುವು ಎಷ್ಟೋ ರೂಟರುಗಳಲ್ಲಿ 24 ಗಂಟೆ. ಟಿವಿ ಮಾತ್ರ ಕೇಬಲ್ಲಿನಲ್ಲಿ ಮೋಡೆಮ್‌ಗೇ ಅಂಟಿಕೊಂಡಿದ್ದರಿಂದ ಬಹಳಷ್ಟು ಸಲ ಪಾರಾಗುತ್ತಿತ್ತು.

ಹಳೆಯ ರೂಟರನ್ನು ಬರೀ ವೈಫೈ ಪೆಟ್ಟಿಗೆಯಾಗಿ ಬಳಸುವುದು ತಪ್ಪಲ್ಲ, ಒಳ್ಳೆಯ ಉಪಾಯ. ಸೆಟ್ಟಿಂಗ್ ಬದಲಿಸುವ ಕ್ರಮ ಮುಖ್ಯ. ಮೊದಲು ಅದಕ್ಕೆ ಬಂದ ಕೇಬಲ್ ಕಿತ್ತು, ನೆಟ್‌ವರ್ಕಿನಿಂದ ಬೇರೆಮಾಡಿ, ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಬೇಕು. 192.168.1.1 ತೆರೆದು ಲ್ಯಾನ್ ವಿಳಾಸವನ್ನು 192.168.1.2 ಮಾಡಿ ಉಳಿಸಬೇಕು. ಅದು ರೀಸ್ಟಾರ್ಟ್ ಆದಮೇಲೆ ಹೊಸ ವಿಳಾಸದಲ್ಲಿ ಒಳಹೊಕ್ಕು, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಬೇಕು. ಡಿಎಚ್‌ಸಿಪಿಯನ್ನೇ ಮೊದಲು ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ 169.254ರಿಂದ ಶುರುವಾಗುವ ಅನಾಥ ಸಂಖ್ಯೆ ಬಂದು ಕೂರುತ್ತದೆ. ಆಗ ಕೈಯಾರೆ 192.168.1.50, ಮಾಸ್ಕ್ 255.255.255.0 ಬರೆದುಕೊಂಡು ಒಳಹೋಗಬೇಕು. ಕೊನೆಗೆ ಕೆಳಗಿನಿಂದ ಬರುವ ಕೇಬಲ್ಲನ್ನು ಲ್ಯಾನ್ ಪೋರ್ಟಿಗೇ ಹಾಕಬೇಕು, ವ್ಯಾನ್‌ಗೆ ಅಲ್ಲ. ಮೋಡೆಮ್‌ನಲ್ಲಿ ವಿಳಾಸ ಹಂಚುವ ಸಾಲನ್ನು 192.168.1.10ರಿಂದ 200ರ ತನಕ ಎಂದು ಇಟ್ಟೆ, 2 ಯಾವ ಫೋನಿಗೂ ಹೋಗದಿರಲಿ ಅಂತ.

ಮತ್ತೆ ಪ್ಲಗ್ ಕಿತ್ತು ಪರೀಕ್ಷೆ ಮಾಡಿದೆ. ಈ ಸಲ ಮೊದಲ ಕಿಟಕಿಯೂ ಪ್ಲಗ್ ಹಾಕುವ ತನಕ ಸತ್ತೇ ಇತ್ತು. ಮೋಡೆಮ್ ಎದ್ದ ಮೇಲೆ ಎಲ್ಲ ಫೋನಿಗೂ ನೆಟ್ ಬಂತು.

ಮೂರನೆಯದು ಉಪ್ಪರಿಗೆಯ ಸ್ಪೀಡು. ಅಲ್ಲಿ ಎಷ್ಟು ಸಲ ಅಳೆದರೂ 94. 200ರ ಪ್ಲಾನಿನಲ್ಲಿ 80, 120, 60 ಎಂದು ಏರಿಳಿದರೆ ವೈಫೈಯನ್ನು ಅನುಮಾನಿಸಬೇಕು. 94ರಲ್ಲಿ ಗೋಡೆಗೆ ಢಿಕ್ಕಿ ಹೊಡೆದಂತೆ ನಿಂತರೆ ಎಲ್ಲೋ ಒಂದು ಕಡೆ ಕೇಬಲ್ ಜೋಡಣೆ 100 ಎಂಬಿಪಿಎಸ್‌ಗೆ ಇಳಿದಿದೆ. 1500 ಬೈಟಿನ ಪ್ರತಿ ಪ್ಯಾಕೆಟ್ಟಿನ ಸುತ್ತ ಈಥರ್ನೆಟ್ ಇನ್ನೂ 38 ಬೈಟಿನಷ್ಟು ಜಾಗ ತಿನ್ನುತ್ತದೆ, ಪ್ಯಾಕೆಟ್ಟಿನೊಳಗೂ ಹೆಡರುಗಳಿಗೆ 52 ಹೋದರೆ ಉಳಿಯುವುದು 1448. ಅದನ್ನು 1538ರಿಂದ ಭಾಗಿಸಿ, ನೂರಕ್ಕೆ 94.1.

ಹಳೆಯ ರೂಟರಿನ ಪೋರ್ಟೇ 100ರದ್ದಾಗಿದ್ದರೆ ಮಾಡುವುದೇನೂ ಇಲ್ಲ, ಆದರೆ ಇದು ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನದು. ರೂಟರನ್ನು ಬದಿಗಿಟ್ಟು ಕೇಬಲ್ ತುದಿಯನ್ನು ನೇರ ಲ್ಯಾಪ್‌ಟಾಪಿಗೆ ಹಾಕಿದರೂ ಲಿಂಕ್ ಸ್ಪೀಡ್ 100 ಎಂದೇ ಬಂತು. ಹಾಗಾದರೆ ಕೇಬಲ್. ಲ್ಯಾನ್ ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ 1, 2, 3, 6ನೇ ಕಾಲುಗಳ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತುಂಡಾದರೂ ಲಿಂಕ್ ಬಿಟ್ಟುಹೋಗುವುದಿಲ್ಲ, ಸದ್ದಿಲ್ಲದೆ ನೂರಕ್ಕೆ ಇಳಿದು ನಡೆಯುತ್ತಿರುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಕೇಬಲ್ ಟೆಸ್ಟರ್ ಹಾಕಿದರೆ ದೀಪಗಳು 1ರಿಂದ 8ರ ತನಕ ಸರದಿಯಲ್ಲಿ ಹತ್ತಬೇಕು, 7 ಹತ್ತಲಿಲ್ಲ.

ಉಪ್ಪರಿಗೆ ಕಡೆಯ ಕನೆಕ್ಟರ್ ಕತ್ತರಿಸಿ ನೋಡಿದರೆ ಬಿಳಿ-ಕಂದು ತಂತಿ ಬಾಯಿಯೊಳಗೇ ಮುರಿದಿತ್ತು. ಚಾಕುವಿನಿಂದ ಒಂದು ತಂತಿಯನ್ನು ಕೆರೆದೆ, ಕೆಂಪು ಹೋಗಿ ಬೆಳ್ಳಿ ಬಣ್ಣ ಬಂತು. ಮೇಲೆ ತಾಮ್ರದ ತೆಳು ಲೇಪ, ಒಳಗೆ ಅಲ್ಯುಮಿನಿಯಂ. ಅಂಗಡಿಯಲ್ಲಿ ಸಿಸಿಎ ಎಂದು ಕರೆಯುವ ಅಗ್ಗದ ಕೇಬಲ್. ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ, ಮಲೆನಾಡಿನ ತೇವಕ್ಕೆ ಕ್ರಿಂಪ್ ಮಾಡಿದ, ಅಂದರೆ ಕನೆಕ್ಟರ್ ಒತ್ತಿ ಕೂರಿಸಿದ, ಜಾಗದಲ್ಲಿ ಬೇಗ ಕೆಡುತ್ತದೆ.

ಸದ್ಯಕ್ಕೆ ಹೊಸ ಕನೆಕ್ಟರ್ ಹಾಕಿದೆ. ಹೊರಗಿನ ಸಿಪ್ಪೆ ಮೂರು ಸೆಂಟಿಮೀಟರ್ ಸುಲಿದು, ತಂತಿಗಳನ್ನು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಸಾಲುಮಾಡಿ, ನೇರಗೊಳಿಸಿ, 12 ಮಿಲಿಮೀಟರ್ ಉಳಿಯುವಂತೆ ಒಂದೇ ಏಟಿಗೆ ಕತ್ತರಿಸಬೇಕು. ಕನೆಕ್ಟರಿನ ಚಿಲಕ ಕೆಳಗಿರುವಂತೆ ಹಿಡಿದರೆ ಬಿಳಿ-ಕಿತ್ತಳೆ ಎಡಗಡೆ ಬರುತ್ತದೆ. ಎಂಟು ತುದಿಯೂ ಮುಂದಿನ ಗೋಡೆಗೆ ತಾಗಿದ್ದು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಕಾಣಬೇಕು. ಜೊತೆಗೆ ಹೊರಸಿಪ್ಪೆಯೂ ಕನೆಕ್ಟರಿನ ಬಾಯೊಳಗೆ ಸೇರಿರಬೇಕು. ಬಹಳ ಜನ ಎಡವುವುದು ಇಲ್ಲೇ. ಸಿಪ್ಪೆ ಹೊರಗುಳಿದರೆ ಎಳೆತವೆಲ್ಲ ತಂತಿಗಳ ಮೇಲೆ ಬೀಳುತ್ತದೆ. ಕ್ರಿಂಪ್ ಮಾಡಿದೆ, ಎಂಟೂ ದೀಪ ಹತ್ತಿತು. ಲಿಂಕ್ 1000, ಸ್ಪೀಡು 190ರ ಮೇಲೆ.

ಆದರೂ ಆ ಕೇಬಲ್ ಮುಂದಿನ ಮಳೆಗಾಲ ಕಾಣುವುದು ಅನುಮಾನ. ಅಪ್ಪಟ ತಾಮ್ರದ ಕ್ಯಾಟ್ 6, ಬಿಸಿಲು ತಡೆಯುವ ಕಪ್ಪು ಸಿಪ್ಪೆಯದ್ದು 30 ಮೀಟರ್ ತರಿಸಲು ಬರೆದುಕೊಟ್ಟು ಬಂದೆ. ಕೊಟ್ಟಿಗೆಗೂ ಒಂದು ಕನೆಕ್ಷನ್ ಬೇಕೆಂದರು. ಬೇರೆ ಕಟ್ಟಡಕ್ಕೆ ಅಂಗಳ ದಾಟಿಸಿ ತಾಮ್ರ ಎಳೆಯಬೇಡಿ, ಸಿಡಿಲಿನ ಕಾಲದಲ್ಲಿ ಎರಡೂ ತುದಿಯ ಪೆಟ್ಟಿಗೆ ಸುಡುತ್ತದೆ, ಅಲ್ಲಿಗೆ ಫೈಬರೇ ಸರಿ ಎಂದೆ.

ವೈಫೈಯಲ್ಲಿ ಮಾಡಿದ್ದು ಸ್ವಲ್ಪ. ಕೆಳಗಿನದ್ದನ್ನು 2.4 ಗಿಗಾಹರ್ಟ್ಸ್‌ನ 1ನೇ ಚಾನಲ್, ಮೇಲಿನದ್ದನ್ನು 11ನೇ ಚಾನಲ್, ಎರಡರ ಅಗಲ 20 ಮೆಗಾಹರ್ಟ್ಸ್ ಎಂದು ಕಟ್ಟಿಹಾಕಿದೆ. ಜಂಬಿಟ್ಟಿಗೆಯ ಗೋಡೆ ದಾಟಿದ ಮೇಲೆ 5 ಗಿಗಾಹರ್ಟ್ಸ್ ಉಳಿಯುವುದಿಲ್ಲ, ಅದು ಜಗಲಿಗೆ ಮಾತ್ರ.

ಮೋಡೆಮ್‌ನ ಬದಿಗೆ ಒಂದು ಚೀಟಿ ಅಂಟಿಸಿದೆ: ಪವರ್ ಮೈನಸ್ 20.3, ಮೋಡೆಮ್ 192.168.1.1, ಉಪ್ಪರಿಗೆ 192.168.1.2. ಮೂರು ವಾರದ ನಂತರ ಗಾಳಿಮಳೆಯಲ್ಲಿ ಮತ್ತೆ ನೆಟ್ ಹೋಯಿತು. ಅಕ್ಕ ಸ್ವಿಚ್ ಮುಟ್ಟದೆ ಕೇಬಲ್ ಆಫೀಸಿಗೆ ಫೋನ್ ಮಾಡಿ, "ಎಲ್‌ಓಎಸ್ ಕೆಂಪಾಗಿದೆ, ಕರೆಂಟ್ ಇದೆ, ನಿನ್ನೆ ಮೈನಸ್ 20 ಇತ್ತು" ಎಂದರಂತೆ. ಹುಡುಗ ಮನೆಯೊಳಗೆ ಕಾಲಿಡದೆ ನೇರ ತೋಟಕ್ಕೆ ಇಳಿದ. ನಾಲ್ಕನೇ ಮರದ ಹತ್ತಿರ ಅಡಿಕೆ ಸೋಗೆ ಬಿದ್ದು ಕೇಬಲ್ ತುಂಡಾಗಿತ್ತು.